ಯಾವ ಪೈ? ಒಂದು ಗ್ರೀಕ್ ಅಕ್ಷರ ಮತ್ತು ಕಾಸರಗೋಡಿನ ಹಲವು ಭಾಷೆಗಳು

ಮಾರ್ಚ್ ಬಂತೆಂದರೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಮನೆಗಳಲ್ಲಿ ಗಣಿತದ ಮಾತು ಜಾಸ್ತಿಯಾಗುತ್ತದೆ. ಒಂದು ಕಡೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಇನ್ನೊಂದು ಕಡೆ ಮಾರ್ಚ್ 14ರ ಗಣಿತ ದಿನ. ಅಮೆರಿಕದವರು ದಿನಾಂಕ ಬರೆಯುವಾಗ ತಿಂಗಳನ್ನು ಮೊದಲು ಬರೆಯುತ್ತಾರೆ. ಹಾಗಾಗಿ ಆ ದಿನ 3/14 ಆಗುತ್ತದೆ, ಅಂದರೆ 3.14. ಸ್ಯಾನ್ ಫ್ರಾನ್ಸಿಸ್ಕೋದ ಒಂದು ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ 1988ರಲ್ಲಿ ಇದು 'ಪೈ ದಿನ' ಎಂದು ಶುರುವಾಯಿತು. 2019ರಲ್ಲಿ ಯುನೆಸ್ಕೋ ಅದೇ ದಿನವನ್ನು ಅಂತರರಾಷ್ಟ್ರೀಯ ಗಣಿತ ದಿನ ಎಂದು ಸಾರಿತು.

ಮಕ್ಕಳು ಪೋಸ್ಟರ್ ಬರೆಯಲು ಕೂತಾಗ ಪ್ರಶ್ನೆಗಳು ಬರುತ್ತವೆ. ಪೈ ಅಂದರೆ 22/7 ತಾನೇ? ಹಾಗಾದರೆ ಮಂಜೇಶ್ವರದ ಗೋವಿಂದ ಪೈಗಳ ಹೆಸರಲ್ಲಿ ಇರುವುದು ಏನು? ಪೈ ಚಾರ್ಟ್ ಕೂಡ ವೃತ್ತವೇ ಅಲ್ವಾ, ಅದೂ ಇದೇ ಪೈಯಾ? ಪಕ್ಕದ ಮನೆಯ ಮಲಯಾಳದ ಅಜ್ಜಿ 'ಪೈ' ಅಂದರೆ ಹಸಿವು ಅನ್ನುತ್ತಾರಲ್ಲ?

ಇವು ದಡ್ಡ ಪ್ರಶ್ನೆಗಳಲ್ಲ. ಒಂದೇ ಭಾಷೆ ಕೇಳಿ ಬೆಳೆಯುವ ಮಗುವಿಗೆ ಇಂಥ ಪ್ರಶ್ನೆ ಹೊಳೆಯುವುದೇ ಕಷ್ಟ. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲವೂ ಕಿವಿಗೆ ಬೀಳುವ ಊರಿನಲ್ಲಿ ಅದು ಸಹಜ. ಉತ್ತರ ಹೇಳುವ ಮುಂಚೆ ಮೂರು ಸಂಗತಿಗಳನ್ನು ಬೇರೆ ಮಾಡಬೇಕು. ಒಂದು, 'ಪೈ' ಎಂಬ ಗ್ರೀಕ್ ಅಕ್ಷರ. ಎರಡು, ಆ ಅಕ್ಷರದಿಂದ ಗುರುತಿಸುವ ಒಂದು ಸಂಖ್ಯೆ. ಮೂರು, 'ಪೈ' ಎಂಬ ಸದ್ದು. ಗೊಂದಲ ಹುಟ್ಟುವುದು ಈ ಮೂರನ್ನು ಒಂದೇ ಎಂದುಕೊಂಡಾಗ.

ಮೊದಲು ಅದು ಬರೀ ಅಕ್ಷರ

ಎರಡು ಕಾಲು, ಮೇಲೊಂದು ಅಡ್ಡಗೆರೆ. ಪಠ್ಯಪುಸ್ತಕದಲ್ಲಿ ಕಾಣುವ ಆ ಗುರುತು ಗ್ರೀಕ್ ವರ್ಣಮಾಲೆಯ 16ನೇ ಅಕ್ಷರ. ನಮ್ಮ 'ಪ' ಹೇಗೋ ಅವರಿಗೆ ಅದು ಹಾಗೆ. ಅಥೆನ್ಸಿನ ಒಂದನೇ ಕ್ಲಾಸಿನ ಮಗು ಅದನ್ನು ಬರೆಯುವಾಗ ವೃತ್ತವನ್ನು ನೆನೆಯುವುದಿಲ್ಲ. ಅಪ್ಪನಿಗೆ ಗ್ರೀಕಿನಲ್ಲಿ 'ಪತೇರಾಸ್' ಎನ್ನುತ್ತಾರೆ, ಆ ಪದ ಬರೆಯಲು ಈ ಅಕ್ಷರ ಬೇಕು. ಅಷ್ಟೇ.

ಇದು ಗ್ರೀಕರು ತಾವೇ ಕಂಡುಹಿಡಿದ ಅಕ್ಷರವೂ ಅಲ್ಲ. ಸುಮಾರು 2,800 ವರ್ಷಗಳ ಹಿಂದೆ ಅವರು ಫಿನೀಷಿಯನ್ನರಿಂದ ಅಕ್ಷರಗಳನ್ನು ಕಲಿತರು. ಫಿನೀಷಿಯನ್ನರು ಇಂದಿನ ಲೆಬನಾನ್ ಕರಾವಳಿಯ ವ್ಯಾಪಾರಿಗಳು. ಅವರ ಭಾಷೆಯಲ್ಲಿ ಅಕ್ಷರಗಳ ಹೆಸರಿಗೆ ಅರ್ಥವಿತ್ತು. 'ಆಲೆಫ್' ಅಂದರೆ ಎತ್ತು. 'ಬೇತ್' ಅಂದರೆ ಮನೆ. 'ಪೇ' ಅಂದರೆ ಬಾಯಿ. ಗ್ರೀಕರ ಬಾಯಲ್ಲಿ ಇವು ಆಲ್ಫಾ, ಬೀಟಾ, ಪೈ ಆದವು. ಅಕ್ಷರ ಬಂತು, ಅರ್ಥ ಅಲ್ಲೇ ಉಳಿಯಿತು. ಗ್ರೀಕನಿಗೆ 'ಆಲ್ಫಾ' ಅಂದರೆ ಎತ್ತು ಅಲ್ಲ, ಅದು ಒಂದು ಅಕ್ಷರದ ಹೆಸರು ಮಾತ್ರ.

ಅದೇ ಫಿನೀಷಿಯನ್ 'ಪೇ' ಬೇರೆ ಬೇರೆ ದಾರಿ ಹಿಡಿದು ಬೇರೆ ಬೇರೆ ಊರು ಸೇರಿತು. ಇಟಲಿಯ ಕಡೆ ಹೋಗಿ ಲ್ಯಾಟಿನ್ನಿನ, ಈಗ ಇಂಗ್ಲಿಷಿನ, 'ಪಿ' ಆಯಿತು. ಗ್ರೀಕಿನ ದೊಡ್ಡ ಅಕ್ಷರದ ರೂಪ ರಷ್ಯನ್ ಲಿಪಿಗೆ ಹೋಯಿತು. ಹೀಬ್ರೂವಿನಲ್ಲಿ ಅದರ ಹೆಸರು ಇವತ್ತಿಗೂ 'ಪೇ', ಬಾಯಿಗೂ ಅದೇ ಪದ. ಅರಾಮಿಕ್ ದಾರಿಯಲ್ಲಿ ಹೋಗಿ ಅರಬಿಯ 'ಫಾ' ಆಯಿತು. ಅರಬಿಯಲ್ಲಿ ಬಾಯಿಗೆ 'ಫಮ್' ಎನ್ನುತ್ತಾರೆ.

ಇದನ್ನು ಓದುವಾಗ ನನಗೆ ತುಂಬಾ ಖುಷಿ ಕೊಟ್ಟ ವಿಷಯ ಇದು. ಉಪ್ಪಳದಲ್ಲೋ ಕುಂಬಳೆಯಲ್ಲೋ ಒಂದು ಮಗು ಬೆಳಗ್ಗೆ ಮದರಸದಲ್ಲಿ 'ಫಾ' ಓದುತ್ತದೆ. ಆಮೇಲೆ ಶಾಲೆಗೆ ಬಂದು ಗಣಿತದಲ್ಲಿ 'ಪೈ' ಬರೆಯುತ್ತದೆ. ಎರಡೂ ಒಂದೇ ಅಜ್ಜಿಯ ಮೊಮ್ಮಕ್ಕಳು.

'ಪ' ಹೋಗಿ 'ಫ' ಆಯಿತಲ್ಲ, ಅದೂ ನಮಗೆ ಹೊಸತಲ್ಲ. ಹಳಗನ್ನಡದ ಪಾಲು, ಪತ್ತು, ಪೆಸರ್ ಎಲ್ಲ ಹಾಲು, ಹತ್ತು, ಹೆಸರು ಆದವು. ಮಲಯಾಳದಲ್ಲಿ ಪಾಲ್, ಪತ್ತ್ ಹಾಗೇ ಇವೆ. ತುಳುವಿನಲ್ಲೂ 'ಪತ್ತ್' ಹಾಗೇ ಇದೆ. ತುಟಿ ಮುಚ್ಚಿ ಹೇಳುವ ಈ ಸದ್ದು ಹಲವು ಭಾಷೆಗಳಲ್ಲಿ ಸಡಿಲಾಗಿದೆ.

ಇನ್ನು ನಮ್ಮ 'ಪ' ಕೂಡ ಇದೇ ಬಳಗವಾ? ಕನ್ನಡ ಲಿಪಿಯ ಮೂಲ ಬ್ರಾಹ್ಮಿ. ಬ್ರಾಹ್ಮಿಗೆ ಅರಾಮಿಕ್ ಲಿಪಿ ಮಾದರಿಯಾಗಿತ್ತು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಅದು ಇಲ್ಲೇ ಹುಟ್ಟಿದ್ದು ಎನ್ನುವವರೂ ಇದ್ದಾರೆ. ಚರ್ಚೆ ಮುಗಿದಿಲ್ಲ.

ಅಕ್ಷರಕ್ಕೆ ಮೊದಲು ಇದ್ದ ಬೆಲೆ: 80

ಹಳೆಯ ಗ್ರೀಕರಿಗೆ ಅಂಕೆಗಳಿಗೆ ಬೇರೆ ಗುರುತು ಇರಲಿಲ್ಲ. ಅಕ್ಷರಗಳನ್ನೇ ಅಂಕೆಗಳಾಗಿ ಬಳಸುತ್ತಿದ್ದರು. ಆಲ್ಫಾ 1, ಬೀಟಾ 2, ಹೀಗೆ. ಆ ಲೆಕ್ಕದಲ್ಲಿ ಪೈಯ ಬೆಲೆ 80. ಹೀಬ್ರೂವಿನ 'ಪೇ'ಗೂ 80. ಅರಬಿಯ 'ಫಾ'ಗೂ 80. ಇದೇ ಅರಬಿ ಪದ್ಧತಿಯಲ್ಲಿ ಬಿಸ್ಮಿಲ್ಲಾ ವಾಕ್ಯದ ಅಕ್ಷರಗಳ ಬೆಲೆ ಕೂಡಿಸಿದಾಗ ಬರುವ ಮೊತ್ತವೇ ನಮ್ಮ ಊರಿನ ಆಟೋಗಳ ಮೇಲೂ ಅಂಗಡಿಗಳ ಮೇಲೂ ಕಾಣುವ 786.

ಅಂದರೆ ಆರ್ಕಿಮಿಡೀಸನಿಗೆ ಆ ಅಕ್ಷರ ತೋರಿಸಿ ಇದರ ಬೆಲೆ ಎಷ್ಟು ಎಂದು ಕೇಳಿದ್ದರೆ, ಅವನು 80 ಎನ್ನುತ್ತಿದ್ದ. 3.14 ಎನ್ನುತ್ತಿರಲಿಲ್ಲ. ವೃತ್ತದ ಲೆಕ್ಕವನ್ನು ಅವನು ಚೆನ್ನಾಗಿ ಬಲ್ಲವನು, ಆದರೆ ಅದಕ್ಕೆ ಈ ಅಕ್ಷರ ಅಂಟಿದ್ದು ಅವನು ಸತ್ತು ಸುಮಾರು 1,900 ವರ್ಷಗಳಾದ ಮೇಲೆ.

ಸಂಖ್ಯೆ ಯಾವುದು?

ಮನೆಯಲ್ಲಿ ಒಂದು ಹರಿವಾಣ ತೆಗೆದುಕೊಳ್ಳಿ. ಅದರ ಅಂಚಿನ ಸುತ್ತ ಒಂದು ದಾರ ಸುತ್ತಿ ಅಳೆಯಿರಿ. ಇದು ಪರಿಧಿ. ಈಗ ಒಂದು ಅಂಚಿನಿಂದ ಎದುರಿನ ಅಂಚಿಗೆ ನಡುವಿನ ಮೂಲಕ ಅಳೆಯಿರಿ. ಇದು ವ್ಯಾಸ. ಪರಿಧಿಯನ್ನು ವ್ಯಾಸದಿಂದ ಭಾಗಿಸಿ. ಮೂರಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಹರಿವಾಣದ ಅಡ್ಡಳತೆ 30 ಸೆಂಟಿಮೀಟರ್ ಇದ್ದರೆ ಸುತ್ತಳತೆ 94 ಸೆಂಟಿಮೀಟರಿಗಿಂತ ಚೂರು ಜಾಸ್ತಿ.

ಈಗ ಚೆಂಬಿನ ಬಾಯಿ ಅಳೆಯಿರಿ. ಬಾವಿಗೆ ಇಳಿಸುವ ಸಿಮೆಂಟ್ ರಿಂಗ್ ಅಳೆಯಿರಿ. ಗಾತ್ರ ಎಷ್ಟೇ ಇರಲಿ, ಭಾಗಿಸಿದರೆ ಬರುವ ಉತ್ತರ ಅದೇ. ಸುತ್ತಳತೆ ಯಾವಾಗಲೂ ಅಡ್ಡಳತೆಯ ಮೂರು ಪಟ್ಟು ಮತ್ತು ಮೇಲೆ ಸ್ವಲ್ಪ. ಆ 'ಮೂರು ಮತ್ತು ಸ್ವಲ್ಪ'ದ ಹೆಸರೇ ಪೈ. 3.14159 ಎಂದು ಶುರುವಾಗಿ ಮುಂದೆ ಹೋಗುತ್ತದೆ.

ಆ 'ಸ್ವಲ್ಪ' ಯಾಕೆ ಮುಖ್ಯ? ಮೂರು ಅಡಿ ಅಗಲದ ರಿಂಗಿಗೆ ಕಬ್ಬಿಣದ ಸರಳು ಬಗ್ಗಿಸಬೇಕು ಅಂದುಕೊಳ್ಳಿ. ಬರೀ 3 ಎಂದು ಹಿಡಿದರೆ 9 ಅಡಿ ಸಾಕು. ನಿಜಕ್ಕೂ ಬೇಕಾದ್ದು 9 ಅಡಿ 5 ಇಂಚು. ಸರಳಿನ ಎರಡು ತುದಿ ಕೂಡುವುದೇ ಇಲ್ಲ.

22/7 ಎಂಬುದು ಪೈ ಅಲ್ಲ, ಪೈಗೆ ಹತ್ತಿರದ ಒಂದು ಭಿನ್ನರಾಶಿ. ಭಾಗಿಸಿ ನೋಡಿದರೆ 3.142857 ಬರುತ್ತದೆ. ನಿಜವಾದ ಪೈಗಿಂತ ಇದು ಚೂರು ದೊಡ್ಡದು. ಒಂದು ಕಿಲೋಮೀಟರ್ ಅಗಲದ ವೃತ್ತದಲ್ಲಿ 22/7 ಬಳಸಿದರೆ ಸುತ್ತಳತೆ ಸುಮಾರು ಒಂದೂಕಾಲು ಮೀಟರ್ ಜಾಸ್ತಿ ಬರುತ್ತದೆ. ಶಾಲೆಯ ಲೆಕ್ಕಕ್ಕೆ, ಬಾವಿಯ ರಿಂಗಿಗೆ ಅದು ಧಾರಾಳ ಸಾಕು. ಇದನ್ನು ಸರಿಯಾಗಿ ಹೇಳಿದವನು ಆರ್ಕಿಮಿಡೀಸ್. ವೃತ್ತದ ಒಳಗೆ ಒಂದು, ಹೊರಗೆ ಒಂದು 96 ಬದಿಗಳ ಆಕೃತಿ ಇಟ್ಟು ಲೆಕ್ಕ ಹಾಕಿ, ಉತ್ತರ 223/71ಕ್ಕಿಂತ ದೊಡ್ಡದು, 22/7ಕ್ಕಿಂತ ಸಣ್ಣದು ಎಂದ.

ಹಾಗಾದರೆ ಪೂರ್ತಿ ಸರಿಯಾದ ಭಿನ್ನರಾಶಿ ಯಾವುದು? ಇಲ್ಲವೇ ಇಲ್ಲ. ಮೇಲೆ ಕೆಳಗೆ ಯಾವ ಪೂರ್ಣಸಂಖ್ಯೆ ಇಟ್ಟರೂ ಪೈ ಸಿಗುವುದಿಲ್ಲ. ದಶಮಾಂಶದಲ್ಲಿ ಬರೆದರೆ ಮುಗಿಯುವುದೂ ಇಲ್ಲ, ಒಂದೇ ಗುಂಪು ಮತ್ತೆ ಮತ್ತೆ ಬರುವುದೂ ಇಲ್ಲ. ಇದನ್ನು 18ನೇ ಶತಮಾನದಲ್ಲಿ ಲ್ಯಾಂಬರ್ಟ್ ಎಂಬ ಗಣಿತಜ್ಞ ಸಾಧಿಸಿ ತೋರಿಸಿದ. ಇಂಥ ಸಂಖ್ಯೆಗೆ ಪಠ್ಯದಲ್ಲಿ ಅಭಾಗಲಬ್ಧ ಸಂಖ್ಯೆ ಎನ್ನುತ್ತಾರೆ. ಪೂರ್ತಿ ಬರೆಯಲಾಗದ ಸಂಖ್ಯೆಗೆ ಒಂದು ಗುರುತು ಬೇಕೇ ಬೇಕು. ಅಲ್ಲಿಗೆ ಅಕ್ಷರ ಬರುತ್ತದೆ.

ಆ ಅಕ್ಷರವೇ ಯಾಕೆ?

ಗ್ರೀಕಿನಲ್ಲಿ ಸುತ್ತಳತೆಗೆ 'ಪೆರಿಫೇರೆಯಾ' ಎನ್ನುತ್ತಾರೆ. 'ಪೆರಿಮೆತ್ರೋಸ್' ಎಂಬ ಪದವೂ ಇದೆ. ಎರಡೂ ಶುರುವಾಗುವುದು ಪೈ ಅಕ್ಷರದಿಂದ. ಆಗಿನ ಯುರೋಪಿನ ಗಣಿತಜ್ಞರಿಗೆ ಗ್ರೀಕ್ ಗೊತ್ತಿತ್ತು. ಹಾಗಾಗಿ ಸುತ್ತಳತೆಯನ್ನು ಅದರ ಮೊದಲ ಅಕ್ಷರದಿಂದ ಬರೆಯುವ ರೂಢಿ 17ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಬಂತು. 1706ರಲ್ಲಿ ವೇಲ್ಸ್‌ನ ವಿಲಿಯಂ ಜೋನ್ಸ್ ಅದನ್ನು 3.14159 ಎಂಬ ಸಂಖ್ಯೆಗೇ ಬಳಸಿದ. ಆಮೇಲೆ ಲಿಯೊನಾರ್ಡ್ ಆಯ್ಲರ್ ತನ್ನ ಬರಹಗಳಲ್ಲಿ ಬಳಸತೊಡಗಿದ. ಆಯ್ಲರನನ್ನು ಯುರೋಪೆಲ್ಲ ಓದುತ್ತಿತ್ತು. ಗುರುತು ಗಟ್ಟಿಯಾಯಿತು.

ಆ ಪದಗಳ ಮೊದಲ ಭಾಗ ನೋಡಿ: 'ಪೆರಿ'. ಅಂದರೆ 'ಸುತ್ತ'. ಸಂಸ್ಕೃತದ 'ಪರಿ' ಇದರ ತಂಗಿ. ಎರಡೂ ಒಂದೇ ಹಳೆಯ ಮೂಲದಿಂದ ಬಂದವು ಎಂಬುದರಲ್ಲಿ ಭಾಷಾ ವಿಜ್ಞಾನಿಗಳಿಗೆ ಅನುಮಾನವಿಲ್ಲ. ಪರಿಸರ, ಪರಿಕ್ರಮ, ಪರಿವಾರ ಎಲ್ಲದರಲ್ಲೂ ಅದೇ 'ಪರಿ', ಅದೇ 'ಸುತ್ತ'. ನಮ್ಮ ಪಠ್ಯದ 'ಪರಿಧಿ'ಯಲ್ಲೂ ಅದೇ.

ಈ ಗುರುತನ್ನು ಕಾಸರಗೋಡಿನಲ್ಲಿ ಕೂತು ಕನ್ನಡದಲ್ಲೇ ಆರಿಸಿದ್ದರೂ 'ಪರಿಧಿ'ಯ ಮೊದಲ ಅಕ್ಷರ 'ಪ' ಬರುತ್ತಿತ್ತು. ಮಕ್ಕಳಿಗೆ ಇದನ್ನು ಹೇಳಿ. ಪೈ ಎಂದರೆ ಪರಿಧಿಯ 'ಪ' ಎಂದು ನೆನಪಿಟ್ಟರೆ ಆ ಗುರುತಿನ ಭಯ ಅರ್ಧ ಹೋಗುತ್ತದೆ.

ಹೆಸರಿಗಿಂತ ಮೊದಲೇ ಲೆಕ್ಕ ಇತ್ತು

ಜೋನ್ಸ್ ಇಟ್ಟದ್ದು ಹೆಸರು ಮಾತ್ರ. ಸಂಖ್ಯೆಯನ್ನು ಜನ ಹೆಸರಿಲ್ಲದೆಯೇ ಸಾವಿರಾರು ವರ್ಷ ಬಳಸಿದ್ದಾರೆ.

499ರಲ್ಲಿ ಆರ್ಯಭಟ ಒಂದು ಶ್ಲೋಕದಲ್ಲಿ ಹೇಳಿದ: 100ಕ್ಕೆ 4 ಕೂಡಿಸಿ, 8ರಿಂದ ಗುಣಿಸಿ, 62,000 ಸೇರಿಸಿ. ಇದು 20,000 ವ್ಯಾಸದ ವೃತ್ತಕ್ಕೆ 'ಆಸನ್ನ'ವಾದ ಸುತ್ತಳತೆ. ಲೆಕ್ಕ ಮಾಡಿದರೆ 62,832. ಇಪ್ಪತ್ತು ಸಾವಿರದಿಂದ ಭಾಗಿಸಿದರೆ 3.1416. 'ಆಸನ್ನ' ಅಂದರೆ ಹತ್ತಿರದ್ದು. ಇದೇ ಕಡೆಯ ಬೆಲೆ ಎಂದು ಅವನು ಹೇಳಲಿಲ್ಲ.

ಆಮೇಲೆ ಕೇರಳ. ಕಾಸರಗೋಡು ಈಗ ಸೇರಿರುವ ಈ ರಾಜ್ಯದಲ್ಲೇ, 14ನೇ ಶತಮಾನದಲ್ಲಿ, ಸಂಗಮಗ್ರಾಮದ ಮಾಧವ ಎಂಬವರು ಈ ಸಂಖ್ಯೆಯನ್ನು ದಶಮಾಂಶದ 11ನೇ ಸ್ಥಾನದ ತನಕ ಸರಿಯಾಗಿ ತಲುಪಿದರು. ದಾರಿ ಹೀಗೆ: ಒಂದರಿಂದ ಮೂರನೇ ಒಂದು ಭಾಗ ಕಳೆಯಿರಿ, ಐದನೇ ಒಂದು ಭಾಗ ಕೂಡಿಸಿ, ಏಳನೇ ಒಂದು ಭಾಗ ಕಳೆಯಿರಿ. ಹೀಗೆ ಬೆಸ ಸಂಖ್ಯೆಗಳನ್ನು ಹಿಡಿದು ಮುಂದುವರಿಯಿರಿ. ಬಂದದ್ದನ್ನು 4ರಿಂದ ಗುಣಿಸಿ. ಮುಂದೆ ಹೋದಷ್ಟೂ ಪೈ ಹತ್ತಿರವಾಗುತ್ತದೆ. ಸುಮ್ನೆ ಹೀಗೇ ಮಾಡುತ್ತಾ ಹೋದರೆ ತುಂಬಾ ನಿಧಾನ. ಅದಕ್ಕೆ ಅವರ ಪರಂಪರೆಯವರು ಕಡೆಯಲ್ಲಿ ಸೇರಿಸುವ ತಿದ್ದುಪಡಿಗಳನ್ನೂ ಕೊಟ್ಟಿದ್ದಾರೆ. ಯುರೋಪಿನಲ್ಲಿ ಇದೇ ಸೂತ್ರ ಲೈಬ್‌ನಿಟ್ಸ್ ಕೈಗೆ ಸಿಕ್ಕಿದ್ದು 1670ರ ದಶಕದಲ್ಲಿ. ಅದಕ್ಕೂ ಮೊದಲೇ, 16ನೇ ಶತಮಾನದಲ್ಲಿ, ಜ್ಯೇಷ್ಠದೇವರು 'ಯುಕ್ತಿಭಾಷಾ' ಎಂಬ ಗ್ರಂಥದಲ್ಲಿ ಈ ಸೂತ್ರ ಯಾಕೆ ಸರಿ ಎಂಬುದನ್ನು ವಿವರಿಸಿದ್ದರು. ಅದೂ ಸಂಸ್ಕೃತದಲ್ಲಲ್ಲ, ಮಲಯಾಳದಲ್ಲಿ.

ಈ ಪರಂಪರೆಯವರು ಸಂಖ್ಯೆಗಳನ್ನು ನೆನಪಿಡಲು ಪದಗಳನ್ನು ಬಳಸುತ್ತಿದ್ದರು. ಇದು ಕಟಪಯಾದಿ ಪದ್ಧತಿ. ಸಂಗೀತ ಕಲಿಯುವವರಿಗೆ ಗೊತ್ತಿರುತ್ತದೆ: ಮಾಯಾಮಾಳವಗೌಳ ರಾಗದ ಮೊದಲ ಎರಡು ಅಕ್ಷರ ಹಿಡಿದು ಅದು 15ನೇ ಮೇಳ ಎಂದು ಹೇಳುವುದು ಇದೇ ಪದ್ಧತಿಯಲ್ಲಿ. ನಿಯಮ ಸುಲಭ. ಕ ಇಂದ ಝ ತನಕ 1ರಿಂದ 9. ಟ ಇಂದ ಧ ತನಕ ಮತ್ತೆ 1ರಿಂದ 9. ಪ ಇಂದ ಮ ತನಕ 1ರಿಂದ 5. ಯ ಇಂದ ಹ ತನಕ 1ರಿಂದ 8. ಞ ಮತ್ತು ನ ಸೊನ್ನೆ. ಒತ್ತಕ್ಷರ ಬಂದರೆ ಕಡೆಯ ವ್ಯಂಜನವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಸ್ವರದ ಗುರುತು, ಅನುಸ್ವಾರ ಲೆಕ್ಕಕ್ಕಿಲ್ಲ. ಕೊನೆಗೆ ಬಲದಿಂದ ಎಡಕ್ಕೆ ಓದಬೇಕು.

ಪುತುಮನ ಸೋಮಯಾಜಿ ಎಂಬ ಕೇರಳದ ಗಣಿತಜ್ಞರು 'ಕರಣಪದ್ಧತಿ'ಯಲ್ಲಿ ಸಾವಿರ ಕೋಟಿ ವ್ಯಾಸದ ವೃತ್ತದ ಸುತ್ತಳತೆಯನ್ನು ಒಂದೇ ಪದದಲ್ಲಿ ಹೇಳಿದ್ದಾರೆ: ಚಂಡಾಂಶುಚಂದ್ರಾಧಮಕುಂಭಿಪಾಲೈಃ.

ಪೆನ್ಸಿಲ್ ಹಿಡಿದು ಕೂರಿ. ಚಂ 6. ಡಾಂ 3. ಶು 5. ಚಂ 6. ದ್ರಾ ಒತ್ತಕ್ಷರ, ಕಡೆಯದು ರ, ಹಾಗಾಗಿ 2. ಧ 9. ಮ 5. ಕುಂ 1. ಭಿ 4. ಪಾ 1. ಲೈಃ 3. ಈಗ ಹಿಂದಿನಿಂದ ಬರೆಯಿರಿ: 3, 1, 4, 1, 5, 9, 2, 6, 5, 3, 6. ಅಂದರೆ 3.1415926536. ದಶಮಾಂಶದ ಹತ್ತನೇ ಸ್ಥಾನಕ್ಕೆ ಸರಿಹೊಂದಿಸಿದರೆ ಪೈಯ ಬೆಲೆ ಇದೇ.

ಇದನ್ನು ಮಗುವಿನ ಜೊತೆ ಕೂತು ಒಮ್ಮೆ ಮಾಡಿ ನೋಡಿ. ಕನ್ನಡ ಲಿಪಿಯಲ್ಲೇ ಮಾಡಬಹುದು, ಬೇರೆ ಏನೂ ಬೇಡ. ಇಡೀ ಪದದಲ್ಲಿ ಗ್ರೀಕ್ ಅಕ್ಷರದ ಸುಳಿವೇ ಇಲ್ಲ. ಸಂಖ್ಯೆ ಮಾತ್ರ ಅದೇ.

ನಮ್ಮ ಊರಿನ ಉಳಿದ ಪೈಗಳು

ಈಗ ಮೂರನೇ ಸಂಗತಿ, ಸದ್ದು. ಬದಿಯಡ್ಕದ ಬಸ್ಸಿನಲ್ಲಿ 'ಶ್ರೀಧರಣ್ಣಾ' ಎಂದು ಕರೆದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಹೆಸರು ಒಂದೇ, ಮನೆ ಬೇರೆ ಬೇರೆ, ಒಬ್ಬರಿಗೊಬ್ಬರು ನೆಂಟರೂ ಅಲ್ಲ. 'ಪೈ' ಎಂಬ ಸದ್ದಿನ ಕಥೆಯೂ ಹಾಗೇ.

ಗೋವಿಂದ ಪೈಗಳ 'ಪೈ' ಗೌಡ ಸಾರಸ್ವತ ಸಮುದಾಯದ ಮನೆತನದ ಹೆಸರು. ಗ್ರೀಕ್ ಅಕ್ಷರಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಗ್ರೀಕ್ ಭಾಷೆಗೂ ಗೋವಿಂದ ಪೈಗಳಿಗೂ ಒಂದು ನಂಟು ಇದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಹಳೆಯ ಪಪೈರಸ್ ಹಾಳೆಗಳು ಸಿಕ್ಕಿದವು. ಅವುಗಳಲ್ಲಿ ಒಂದು ಗ್ರೀಕ್ ಪ್ರಹಸನ. 1903ರಲ್ಲಿ ಅದು ಅಚ್ಚಾಯಿತು. ಕಥೆ ನಡೆಯುವುದು ಭಾರತದ ಕಡಲ ತೀರದಲ್ಲಿ. ಅಲ್ಲಿನ ಪಾತ್ರಗಳು ಗ್ರೀಕ್ ಅಲ್ಲದ ಏನೋ ಭಾಷೆ ಮಾತಾಡುತ್ತವೆ. ಆ ಮಾತುಗಳು ಕನ್ನಡ ಇರಬೇಕು ಎಂದು ಜರ್ಮನ್ ವಿದ್ವಾಂಸ ಹುಲ್ಟ್ಸ್ 1904ರಲ್ಲಿ ಹೇಳಿದರು. ತುಳು ಎಂದವರೂ ಇದ್ದಾರೆ, ಎರಡೂ ಅಲ್ಲ ಎಂದವರೂ ಇದ್ದಾರೆ. ಆ ಮಾತುಗಳ ಬಗ್ಗೆ ಬರೆದವರಲ್ಲಿ ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ (1883–1963) ಒಬ್ಬರು. ಮದ್ರಾಸ್ ಸರ್ಕಾರ 1949ರಲ್ಲಿ ರಾಷ್ಟ್ರಕವಿ ಎಂದು ಗೌರವಿಸಿದ ಕವಿ, ಹತ್ತಾರು ಭಾಷೆ ಬಲ್ಲವರು. ಮಕ್ಕಳ ಪ್ರಶ್ನೆಗೆ 'ಸಂಬಂಧ ಇಲ್ಲ' ಎಂದು ಒಂದೇ ಮಾತಲ್ಲಿ ಮುಗಿಸುವ ಬದಲು ಇದನ್ನು ಹೇಳಿದರೆ ಎಷ್ಟು ಚೆಂದ!

ಅಜ್ಜಂದಿರ ಕಾಲದ ಲೆಕ್ಕದ ಪುಸ್ತಕ ಸಿಕ್ಕಿದರೆ ಇನ್ನೊಂದು ಪೈ ಸಿಗುತ್ತದೆ. ರೂಪಾಯಿ, ಆಣೆ, ಪೈ ಎಂದು ಮೂರು ಸಾಲು. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. ಅಂದರೆ ರೂಪಾಯಿಗೆ 192 ಪೈ. ಆಣೆಯ ಲೆಕ್ಕ ಹೋಗಿ ನೂರು ಪೈಸೆಯ ಲೆಕ್ಕ ಬಂದದ್ದು 1957ರ ಏಪ್ರಿಲ್ 1ರಂದು. ಕಾಸರಗೋಡು ಕೇರಳಕ್ಕೆ ಸೇರಿ ಆಗ ಐದು ತಿಂಗಳಾಗಿತ್ತು.

ಮಲಯಾಳದ ಅಜ್ಜಿ ಹೇಳಿದ್ದೂ ಸರಿ. ಈ ಕಡೆಯ ಮಲಯಾಳದಲ್ಲಿ 'ಪೈಕ್ಕುನ್ನು' ಅಂದರೆ ಹಸಿವಾಗುತ್ತಿದೆ. 'ಪೈ' ಹಸಿವು. ತಮಿಳಿನಲ್ಲಿ ಅದು 'ಪಸಿ', ಹಳಗನ್ನಡದಲ್ಲೂ 'ಪಸಿ', ನಮ್ಮ ಬಾಯಲ್ಲಿ ಈಗ 'ಹಸಿವು'. ಎಲ್ಲ ಒಂದೇ ಮನೆಯವು. ಮಲಯಾಳದಲ್ಲಿ ಹಸುವಿಗೂ 'ಪೈ' ಎನ್ನುವುದುಂಟು. ತುಳುವಿನಲ್ಲಿ ಹಸಿವಿಗೆ ಬೇರೆಯೇ ಪದ, 'ಬಡವು'.

ತಮಿಳಿನಲ್ಲಿ 'ಪೈ' ಅಂದರೆ ಚೀಲ. ಅಲ್ಲಿನ ಮದುವೆ ಮನೆಗಳಲ್ಲಿ ತಾಂಬೂಲ ಹಾಕಿ ಕೊಡುವ ಹಳದಿ ಬಟ್ಟೆ ಚೀಲಕ್ಕೆ 'ಮಂಜಪ್ಪೈ' ಎನ್ನುತ್ತಾರೆ. ತಮಿಳು ಪಠ್ಯದಲ್ಲಿ ವೃತ್ತದ ಪೈಯನ್ನೂ ಹೀಗೇ ಬರೆಯುತ್ತಾರೆ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ, ಅಷ್ಟೇ.

ಪೈ ಚಾರ್ಟ್ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರು ಬೇಕು. ಇಲ್ಲಿ ಮೋಸ ಹೋಗುವುದು ಸುಲಭ, ಯಾಕೆಂದರೆ ಅದೂ ವೃತ್ತ. ಆದರೆ ಆ ಪೈ ಗ್ರೀಕ್ ಅಕ್ಷರವಲ್ಲ. ಇಂಗ್ಲಿಷಿನವರು ಹಣ್ಣೋ ಮಾಂಸವೋ ತುಂಬಿ ಬೇಯಿಸುವ ಒಂದು ದುಂಡನೆಯ ತಿಂಡಿ ಇದೆ. ಅದರ ಹೆಸರು ಪೈ. ಅದನ್ನು ತುಂಡು ಮಾಡಿ ಹಂಚಿದ ಹಾಗೆ ಕಾಣುತ್ತದೆ ಎಂದು ಆ ನಕ್ಷೆಗೆ ಆ ಹೆಸರು. ಇಂಗ್ಲಿಷಿನಲ್ಲಿ ಎರಡಕ್ಕೂ ಕಾಗುಣಿತ ಬೇರೆ. ಕನ್ನಡದಲ್ಲಿ ಬರೆದಾಗ ಎರಡೂ ಒಂದೇ ಆಗಿಬಿಡುತ್ತವೆ. ಮಾರ್ಚ್ 14ರಂದು ಅಮೆರಿಕದ ಶಾಲೆಗಳಲ್ಲಿ ಆ ತಿಂಡಿ ತಿನ್ನುವುದೂ ಈ ಸದ್ದಿನ ಹೋಲಿಕೆಯಿಂದಲೇ. 'ವೃತ್ತ ನಕ್ಷೆ' ಎಂಬ ಕನ್ನಡದ ಹೆಸರು ಬಳಸಿದರೆ ಈ ತೊಂದರೆಯೇ ಇಲ್ಲ.

'ರಾಸ್‌ಬೆರಿ ಪೈ' ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಇರುವುದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 'ಪೈ'.

ಗ್ರೀಕರೇ 'ಪೈ' ಎನ್ನುವುದಿಲ್ಲ

ಗ್ರೀಸಿಗೆ ಹೋಗಿ ಕೇಳಿದರೆ ಆ ಅಕ್ಷರದ ಹೆಸರು 'ಪಿ'. ಜರ್ಮನಿ, ಫ್ರಾನ್ಸ್, ಸ್ಪೇನ್, ಇಟಲಿಯಲ್ಲೂ 'ಪಿ' ಅಥವಾ 'ಪೀ'. ಫಿನ್ಲೆಂಡಿನವರೂ 'ಪೀ' ಎನ್ನುತ್ತಾರೆ. ಅವರ ಭಾಷೆಯಲ್ಲಿ ಅದೇ ಪದಕ್ಕೆ ಸಿಲಿಕಾನ್ ಎಂಬ ಅರ್ಥವೂ ಇದೆ.

'ಪೈ' ಎನ್ನುವುದು ಇಂಗ್ಲಿಷಿನ ಉಚ್ಚಾರ. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳು ಜಾಗ ಬದಲಿಸಿದವು. 'ಈ' ಎಂದು ಹೇಳುತ್ತಿದ್ದದ್ದು ನಿಧಾನವಾಗಿ 'ಐ' ಆಯಿತು. ಇವತ್ತು 'ಟೈಮ್' ಎನ್ನುವ ಪದವನ್ನು ಮೊದಲು 'ತೀಮ' ಎಂಬಂತೆ ಹೇಳುತ್ತಿದ್ದರು. ಗ್ರೀಕ್ ಅಕ್ಷರಗಳ ಹೆಸರನ್ನೂ ಇಂಗ್ಲಿಷಿನವರು ಇದೇ ಹಾದಿಯಲ್ಲಿ ಓದಿದರು. 'ಫೀ' ಹೋಗಿ ಫೈ, 'ಪ್ಸೀ' ಹೋಗಿ ಸೈ. ಗ್ರೀಕರು 'ಹೀ' ಎಂಬಂತೆ ಹೇಳುವ ಇನ್ನೊಂದು ಅಕ್ಷರ ಇಂಗ್ಲಿಷಿನಲ್ಲಿ 'ಕೈ' ಆಗಿದೆ. ಅಂಕಿಅಂಶ ಶಾಸ್ತ್ರ ಓದುವ ಮಕ್ಕಳು 'ಕೈ ಸ್ಕ್ವೇರ್' ಎಂದಾಗ ಮನೆಯವರು ಹುಬ್ಬು ಏರಿಸುವುದು ಇದರಿಂದಲೇ.

ನಮ್ಮ ಶಾಲೆಗಳಿಗೆ ಈ ಗಣಿತ ಬಂದದ್ದು ಇಂಗ್ಲಿಷಿನ ಮೂಲಕ. ಹಾಗಾಗಿ ಕನ್ನಡದಲ್ಲೂ ಮಲಯಾಳದಲ್ಲೂ ಅದು 'ಪೈ'. ಇದು ತಪ್ಪಲ್ಲ, ರೂಢಿ. ಆದರೆ ಮುಂದೆ ಜರ್ಮನಿಗೆ ಓದಲು ಹೋಗುವ ಹುಡುಗಿಗೆ ಮೇಷ್ಟ್ರು 'ಪೀ' ಎಂದಾಗ ಗಾಬರಿಯಾಗದಿದ್ದರೆ ಸಾಕು.

ವೃತ್ತವೇ ಇಲ್ಲದ ಪೈ

ಇದು ಪ್ಲಸ್ ಟು ಮಕ್ಕಳಿಗೆ. ಅಷ್ಟು ಹೊತ್ತಿಗೆ ಪೈ ಅಂದರೆ 3.14 ಎಂದು ತಲೆಯಲ್ಲಿ ಕೂತಿರುತ್ತದೆ. ಆಗ ರಸಾಯನಶಾಸ್ತ್ರದಲ್ಲಿ 'ಪೈ ಬಂಧ' ಬರುತ್ತದೆ. ಅಲ್ಲಿ ಸುತ್ತಳತೆಯೂ ಇಲ್ಲ, 3.14 ಕೂಡ ಇಲ್ಲ. ಎರಡು ಪರಮಾಣುಗಳ ನಡುವಿನ ಒಂದು ಬಗೆಯ ಬಂಧಕ್ಕೆ ಇಟ್ಟ ಹೆಸರು ಅದು. ಪರಮಾಣುವಿನ 'ಪಿ' ಕಕ್ಷಕಗಳಿಗೆ ಜೋಡಿಯಾಗಿ ಗ್ರೀಕಿನ 'ಪ' ಅಕ್ಷರವನ್ನು ಆರಿಸಿದರು. ಭೌತಶಾಸ್ತ್ರದಲ್ಲಿ 'ಪೈ ಮೆಸಾನ್' ಎಂಬ ಕಣ ಇದೆ. ಅಲ್ಲೂ ಅದು ಬರೀ ಹೆಸರು. ಅರ್ಥಶಾಸ್ತ್ರದ ಪುಸ್ತಕದಲ್ಲಿ ಇದೇ ಅಕ್ಷರ ಲಾಭವನ್ನೋ ಹಣದುಬ್ಬರವನ್ನೋ ಸೂಚಿಸಬಹುದು.

ಗಣಿತದ ಒಳಗೂ ಇದು ಒಂದೇ ಕೆಲಸ ಮಾಡುವುದಿಲ್ಲ. ದೊಡ್ಡ ಅಕ್ಷರದಲ್ಲಿ ಬರೆದರೆ, ಮುಂದೆ ಕೊಟ್ಟ ಸಂಖ್ಯೆಗಳನ್ನೆಲ್ಲ ಗುಣಿಸಿ ಎಂದು ಅರ್ಥ. ಸಣ್ಣ ಅಕ್ಷರ ಬರೆದು ಪಕ್ಕದಲ್ಲಿ ಆವರಣದೊಳಗೆ ಒಂದು ಸಂಖ್ಯೆ ಇಟ್ಟರೆ, ಕೆಲವು ಪುಸ್ತಕಗಳಲ್ಲಿ ಅದರ ಅರ್ಥ ಬೇರೆ: ಆ ಸಂಖ್ಯೆಯ ತನಕ ಎಷ್ಟು ಅವಿಭಾಜ್ಯ ಸಂಖ್ಯೆಗಳಿವೆ ಎಂಬುದು. ಅವಿಭಾಜ್ಯ ಅಂದರೆ 1 ಮತ್ತು ತನ್ನಿಂದ ಮಾತ್ರ ಭಾಗವಾಗುವ, 1ಕ್ಕಿಂತ ದೊಡ್ಡ ಸಂಖ್ಯೆ. ನೂರರ ತನಕ ಅಂಥವು 25 ಇವೆ. ಹಾಗಾಗಿ ಆ ಪುಟದಲ್ಲಿ 'ಪೈ ಆಫ್ 100' ಎಂದು ಬಂದರೆ ಉತ್ತರ 314 ಅಲ್ಲ, 25. ಯಾವ ಅರ್ಥ ಎಂಬುದನ್ನು ಪುಸ್ತಕ ಸಾಮಾನ್ಯವಾಗಿ ಅಧ್ಯಾಯದ ಶುರುವಿನಲ್ಲೇ ಹೇಳಿರುತ್ತದೆ. ಅನುಮಾನ ಬಂದರೆ ಆ ಪುಟಕ್ಕೆ ವಾಪಸ್ ಹೋಗಿ ನೋಡಿ.